ಬರ್ತೀನಿ ಅಂದು ಹೋದವಳಿಗೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ಮುಂಗೋಪಿಗೆ,

ಹೇಗಿದ್ದೀಯ ಮಹರಾಯ್ತಿ? ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡುವುದಿಲ್ಲ. ಅದಕ್ಕೇ ಈ ಕಾಗದ. ಮೊದಲೇ ಹೇಳಿಬಿಡುತ್ತೇನೆ, ಬರೆಯಲು ಹೇಳಿದ್ದು ನಮ್ಮ ವೃದ್ಧಾಶ್ರಮದ ಮೇಡಂ. ನೀನು ಕೆಲಸಕ್ಕೆ ಬರುತ್ತೀಯೋ ಇಲ್ಲವೋ ಸೋಮವಾರದೊಳಗೆ ತಿಳಿಸದಿದ್ದರೆ ನಿನ್ನ ಜಾಗಕ್ಕೆ ಬೇರೆಯವರನ್ನು ಹಾಕುತ್ತಾರಂತೆ. ನಿನ್ ಮಾತಾದ್ರೆ ಕೇಳ್ತಾಳೆ, ಹೇಗಾದ್ರೂ ಮಾಡಿ ಕರೆಸು ಅಂದರು. ನೀನು ಯಾವತ್ತು ನನ್ನ ಮಾತು ಕೇಳಿದ್ದೆಯೋ ದೇವರಿಗೇ ಗೊತ್ತು.

ಇಲ್ಲಿ ಎಲ್ಲ ಹಾಗೇ ಇದೆ. ನನ್ನ ಜೊತೆಗೆ ಹೊಸಬಳೊಬ್ಬಳನ್ನು ಹಾಕಿದ್ದಾರೆ. ಒಳ್ಳೆಯವಳೇ. ಆದರೆ ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ ಒಂದು, ಎರಡು ಎಣಿಸಿ ನಾನು ಮೂರು ಅನ್ನುತ್ತಲೇ ಎತ್ತುತ್ತೇನೆ, ಅವಳು ಮೂರು ಮುಗಿದ ಮೇಲೆ. ಮಧ್ಯೆ ಡ್ರೈವರ್ ತಾತ ಓರೆಯಾಗಿ ತೂಗಾಡುತ್ತಾ, ಮೊದ್ಲು ನೀವಿಬ್ರೂ ಒಂದು ಗೇರಿಗೆ ಬನ್ರಮ್ಮ ಅಂತ ಗದರುತ್ತಾರೆ. ನನ್ನ ಬೆನ್ನಿನ ಮಾತು ಬಿಡು, ಅದು ಇದ್ದದ್ದೇ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ವಿಷಯ ಅದಲ್ಲ, ಟೈಲರಜ್ಜಿಯದು. ನೀನು ಅವತ್ತು ಏಪ್ರನ್ ಬಿಚ್ಚಿ ಎಸೆದು, ಇನ್ನು ಈ ಕಡೆ ತಲೆ ಹಾಕಿಯೂ ಮಲಗಲ್ಲ ಅಂತ ನನಗೆ ಹೇಳಿದೆ ತಾನೇ? ಅಜ್ಜಿಗೆ ಏನು ಹೇಳಿದೆ? ದಿನಾ ಹೇಳುವ ಹಾಗೆ, ಬರ್ತೀನಜ್ಜಿ ಅಂದೆ. ಬಾಯಿತಪ್ಪಿಯೂ ನಾವು ಹೋಗ್ತೀನಿ ಅನ್ನುವವರಲ್ಲವಲ್ಲ. ಅಜ್ಜಿ ಆ ಮಾತನ್ನೇ ಹಿಡಿದು ಕೂತರು. ಬೆಳಗಿನ ತಿಂಡಿ ಆಗುತ್ತಲೇ ವೀಲ್‌ಚೇರನ್ನು ಮುಂಬಾಗಿಲಿಗೆ ತಳ್ಳಿಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ಊಟವೂ ಅಲ್ಲೇ, ಅದೂ ಎರಡು ತುತ್ತು. ಸ್ನಾನಕ್ಕೆ ಕರೆದರೆ, ಅವಳು ಬಂದಾಗ ನಾನಿಲ್ಲ ಅಂದ್ರೆ ಬೇಜಾರು ಮಾಡ್ಕೋತಾಳೆ ಕಣೇ ಅಂತ ಕೈ ಕೊಸರಿಕೊಳ್ಳುತ್ತಿದ್ದರು.

ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ಎಲ್ಲರೂ ತಳ್ಳಿಕೊಂಡು ಬಂದೆವು. ಮಂಗಳವಾರ ಹೊಸಬಳೂ ಬಂದಿರಲಿಲ್ಲ. ಬೆಳಗಿನಿಂದ ಒಂದು ಗಳಿಗೆ ಕೂತಿರಲಿಲ್ಲ ನಾನು. ರೇಗಿಹೋಯಿತು. ಅವಳು ಬರಲ್ಲ ಅಜ್ಜಿ, ನಿಮ್ಮನ್ನೆಲ್ಲ ನೋಡ್ಕೊಂಡು ನೋಡ್ಕೊಂಡು ಸುಸ್ತಾಗಿ ಬಿಟ್ಟು ಹೋಗಿದ್ದಾಳೆ ಅಂದುಬಿಟ್ಟೆ. ಇನ್ನೇನು ಅಳುತ್ತಾರೆ ಅಂದುಕೊಂಡೆ. ಅವರೋ, ಸುಸ್ತಾಗಿ ಹೋದ್ಲಾ, ಸದ್ಯ, ನಾನೆಲ್ಲೋ ನನ್ ಮೇಲೆ ಮುನಿಸಿಕೊಂಡು ಹೋದ್ಲು ಅಂತಿದ್ದೆ ಅಂದರು! ಆಮೇಲೆ ಅಂಗಡಿ ನಡೆಸುತ್ತಿದ್ದ ಕಾಲದ ಗತ್ತಿನಲ್ಲಿ ನನಗೇ ಪಾಠ. ಕಣ್ಣು ಮಂಜಾದ ದಿನ ನಾನು ಮಿಷನ್ನೇ ತುಳೀತಿರ್ಲಿಲ್ಲ, ಬಾಗಿಲು ಹಾಕ್ಕೊಂಡು ಮಲಗ್ತಿದ್ದೆ, ಗಿರಾಕಿ ಬೈದ್ರೆ ಬೈಕೊಳ್ಳಿ ಅಂತ, ನಿಮಗ್ಯಾಕೆ ಅಷ್ಟೂ ಬುದ್ಧಿ ಇಲ್ಲ ಅಂತ. ಕುರ್ಚಿ ತಿರುಗಿಸು ಅಂದರು. ಹಾಲಿಗೆ ಬಂದು ಎಲ್ಲರ ಜೊತೆ ಕೂತು ತಟ್ಟೆ ಖಾಲಿ ಮಾಡಿದರು.

ನಾನು ಬಟ್ಟೆ ಕೋಣೆಗೆ ಹೋಗಿ ಒಗೆದ ಬೆಡ್‌ಶೀಟುಗಳನ್ನು ಮಡಿಸುತ್ತಾ ಸ್ವಲ್ಪ ಹೊತ್ತು ಇದ್ದೆ. ಸ್ವಲ್ಪ ಹೊತ್ತು ಅಂದರೆ, ಮೇಡಂ ಹುಡುಕಿಕೊಂಡು ಬರುವಷ್ಟು ಹೊತ್ತು. ಏನೂ ಆಗಿರಲಿಲ್ಲ, ಸುಮ್ಮನೆ ಕಣ್ಣೀರು ನಿಲ್ಲುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಮೇಡಂ ಮಾತು ಒಂದು ಕಡೆ ಇರಲಿ. ಅಜ್ಜಿಯ ನೆಪ ಹೇಳಿ ನಿನ್ನನ್ನು ಕರೆಯಲಾರೆ, ಅವರು ಈಗ ಚೆನ್ನಾಗಿ ಉಣ್ಣುತ್ತಿದ್ದಾರೆ. ಬರಬೇಕು ಅನ್ನಿಸಿದರೆ ಬಾ, ಇಲ್ಲದಿದ್ದರೆ ಆರಾಮಾಗಿ ಮಲಗು. ಏನಿದ್ದರೂ ಮೇಡಂಗೆ ಒಂದು ಫೋನ್ ಮಾಡಿ ಹೇಳು. ನೀನಿಲ್ಲದೆ ನನಗೆ ಕೈ ಮುರಿದ ಹಾಗಾಗಿರುವುದು ನಿಜ ಕಣೇ. ಅದಕ್ಕೋಸ್ಕರವೂ ಬರಬೇಡ.

ಇಂತಿ ನಿನ್ನ
ಜೋಡೆತ್ತು

ತಾ.ಕ.: ಸೋಮವಾರ ನೀನು ಬಂದರೂ ನಾನಿಲ್ಲಿ ಇರುವುದಿಲ್ಲ. ಅವತ್ತು ಬಟ್ಟೆ ಕೋಣೆಯಲ್ಲೇ ಒಂದು ವಾರ ರಜೆ ಕೇಳಿದೆ, ಮೇಡಂ ಕಮಕ್ ಕಿಮಕ್ ಅನ್ನದೆ ಕೊಟ್ಟರು. ನಿನ್ನನ್ನು ಕರೆಸು ಅಂತ ಅವರು ಪರದಾಡುತ್ತಿರುವುದು ಅದಕ್ಕೇ. ಮನೆಯಲ್ಲಿದ್ದರೆ ಅತ್ತೆ, ಮಕ್ಕಳು, ಅಲ್ಲೂ ನೋಡಿಕೊಳ್ಳುವ ಕೆಲಸವೇ. ಒಂದು ವಾರ ನಿನ್ನ ಮನೆಗೆ ಬರಲೇನೇ? ಅಡುಗೆ ಮಾಡಬೇಡ, ಮಾತಾಡಿಸಲೂ ಬೇಡ. ಬಾಗಿಲು ತೆಗೆದರೆ ಸಾಕು.