ಬಲಗಿವಿಯ ಗುಂಗಿಹುಳ

ನರ್ಸಿಂಗ್ ಹಾಸ್ಟೆಲ್, ಹಾವೇರಿ
೯ ಏಪ್ರಿಲ್ ೨೦೨೫, ಬುಧವಾರ

ಪ್ರೀತಿಯ ಅಜ್ಜಾ,

ಮೊಮ್ಮಗಳು ಗಂಗಾ ಮಾಡುವ ನಮಸ್ಕಾರಗಳು. ಪಾದಕ್ಕೊಂದರಂತೆ ಎರಡು, ಬಲಗಿವಿಗೆ ವಿಶೇಷವಾಗಿ ಇನ್ನೊಂದು. ಪತ್ರವಾದ್ದರಿಂದ ‘ತಾವು’ ಎಂದು ಬರೆಯಲು ಕೂತಿದ್ದೆ, ಕೈ ಕೇಳಲಿಲ್ಲ. ಆರೋಗ್ಯ ಹೇಗಿದೆ? ಮೊಣಕಾಲು ಹಿಡಿಯುವುದು ಕಡಿಮೆಯಾಯಿತೇ? ಐರಣಿಯಲ್ಲಿ ಹೊಳೆ ನೋಡುತ್ತ ಕುಳಿತು ಊಟದ ಹೊತ್ತು ಮರೆಯುತ್ತೀ ಎಂದು ನಿನ್ನ ಮಗಳು ಜಯವ್ವತ್ತಿ ದೂರು ಹೇಳಿದ್ದಾಳೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಫೋನನ್ನೂ ಕೇಳಿಸದ ಬಲಗಿವಿಗೇ ಹಿಡಿಯುವವನು. ಎಡಕ್ಕೆ ಹಿಡಿ ಎಂದರೆ ‘ಎಡಗಿವಿ ದೇವರು ಜೋಡಿ ಇರ್ಲಿ ಅಂತ ಕೊಟ್ಟಾನ’ ಅನ್ನುತ್ತೀ. ಮೊನ್ನೆ ಅಜ್ಜಿ ಬ್ಯಾಡಗಿಯಿಂದ ಮೂರು ಸಲ ‘ಯಾವಾಗ ಬರ್ತೀರಿ’ ಎಂದು ಕೇಳಿದಳು, ನೀನು ಮೂರು ಸಲವೂ ‘ಹೂಂ, ಊಟ ಆತು’ ಎಂದೆ. ಅದಕ್ಕೇ ಈ ಪತ್ರ. ಕಾಗದಕ್ಕೆ ಕಿವಿ ಬೇಕಿಲ್ಲ.

ನನ್ನ ವಿದ್ಯಾಭ್ಯಾಸವು ಲೋಕಕ್ಕೆ ಭಯವಾಗುವಷ್ಟು ಚೆನ್ನಾಗಿ ಸಾಗಿದೆ. ಈ ಸಲ ನಮಗೆ ನರ, ಇಂದ್ರಿಯ, ಹಾರ್ಮೋನು ಮತ್ತು ಎಲುಬಿನ ರೋಗಗಳು. ಯಾವ ಪಾಠ ಓದುತ್ತೇನೋ ಆ ರೋಗ ನನಗೇ ಬರುತ್ತದೆ. ಥೈರಾಯ್ಡ್ ಪಾಠದ ವಾರ ಕನ್ನಡಿ ಮುಂದೆ ನಿಂತು ಗುಟುಕು ಗುಟುಕು ನೀರು ಕುಡಿದು ಕೊರಳು ನೋಡಿಕೊಂಡೆ. ಎಲುಬು ಸವೆಯುವ ಪಾಠದ ದಿನ ಮೆಟ್ಟಿಲಿಳಿಯಲು ಗೆಳತಿಯರ ಹೆಗಲು ಕೇಳಿದೆ. ಯುಗಾದಿಗೆ ಮನೆಗೆ ಹೋದಾಗ ನರಗಳ ಪರೀಕ್ಷೆಗೆಂದು ಅಜ್ಜಿಯ ಮೊಣಕಾಲಿನ ಕೆಳಗೆ ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿದೆ. ಕಾಲು ಸರಿಯಾಗಿ ಚಿಮ್ಮಿತು, ಆರಿಸಿಟ್ಟ ಮೆಣಸಿನಕಾಯಿಯ ಮೊರ ಅಂಗಳಕ್ಕೆ ಹೋಯಿತು. ‘ನಿನಗ ಕಾಲೇಜಿನ್ಯಾಗ ಒದಿಸಿಕೊಳ್ಳೂದ ಕಲಿಸ್ತಾರೇನು’ ಎಂದಳು. ಅಜ್ಜಿಯ ನರಮಂಡಲ ಉತ್ತಮವಾಗಿದೆ ಎಂದು ಬರೆದುಕೊಂಡೆ. ಆ ಹಬ್ಬಕ್ಕೂ ನೀನು ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದು ನಮಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಾನು ಬಿಡುತ್ತೇನೆ. ನಲವತ್ತು ವರ್ಷ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ನಿನ್ನ ಬಲಗಿವಿಯೇ ಕೊನೆಯ ಮಾತು. ಚೀಲಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವುದು; ಒಳಗಿನ ಬೀಜ ಗಲಗಲ ಎಂದರೆ ಒಣಗಿದ ಮಾಲು, ಸುಮ್ಮನಿದ್ದರೆ ಹಸಿ. ನೀನು ಹೇಳಿದ ಮೇಲೆ ಇನ್ನೊಬ್ಬರು ಕಾಯಿ ಮುಟ್ಟುತ್ತಿರಲಿಲ್ಲ. ಅಂಥವನು ಮಾರ್ಚ್ ತಿಂಗಳ ಆ ಗುರುವಾರ, ಅದೂ ಮೋಟೆಬೆನ್ನೂರಿನ ನಿನ್ನ ಗೆಳೆಯ ಪರಮೇಶಪ್ಪನ ಮಾಲನ್ನು ಅಲ್ಲಾಡಿಸಿ, ‘ಹಸಿ ಐತಿ ಪರಮೇಶಿ, ಇನ್ನೆರಡು ದಿನ ಬಿಸಲಿಗೆ ಹಾಕು’ ಎಂದೆ. ಪರಮೇಶಪ್ಪ ಅದೇ ಕಾಯಿ ಇಸಕೊಂಡು ಅಲ್ಲಾಡಿಸಿದ. ನಾಲ್ಕು ಅಂಗಡಿಯಾಚೆಗೂ ಕೇಳಿತು. ಹಿಂದಿನಿಂದ ಯಾರೋ, ‘ಕಾಯಿ ಒಣಗೇತ್ರಿ, ಪ್ರಭುಲಿಂಗಪ್ಪನ ಕಿವಿನ ಹಸಿ ಆಗ್ಯಾವು’ ಎಂದರು, ಸುತ್ತಲಿದ್ದವರೆಲ್ಲ ನಕ್ಕರು. ಅವತ್ತು ಸಂಜೆಯೇ ನೀನು ಮಗಳ ಮನೆ ಐರಣಿಗೆ ಬಸ್ ಹತ್ತಿದೆ. ಡಾಕ್ಟರಿಗೆ ತೋರಿಸು ಎಂದರೆ, ‘ಸತ್ತ ಕಿವಿ ತೋರಿಸಿ ಏನ್ ಮಾಡೂದೈತಿ’ ಎಂಬುದೊಂದೇ ಉತ್ತರ.

ಈಗ ಒಂದು ತಪ್ಪೊಪ್ಪಿಗೆ. ಕಳೆದ ರವಿವಾರ ಐರಣಿಗೆ ಬಂದು, ತಲೆನೋವು ಕಳೆಯುವ ಯಂತ್ರವೆಂದು ನಿನ್ನ ಹಣೆಗೆ ಎರಡು ಕವಲಿನ ಉಕ್ಕಿನ ಕಡ್ಡಿ ಇಟ್ಟೆನಲ್ಲ, ಅದು ತಲೆನೋವಿನದಲ್ಲ. ಕಿವಿ ಪರೀಕ್ಷಿಸುವ ಸಾಧನ. ಕಾಲೇಜಿನಿಂದ ಕೇಳಿ ತಂದಿದ್ದೆ. ಬಡಿದು ಹಣೆಯ ನಡುವೆ ಇಟ್ಟಾಗ ನೀನು, ‘ಬಲಗಿವ್ಯಾಗ ಗುಂಯ್ ಅಂತ ಗುಂಗಿಹುಳ ಹೊಕ್ಕಂಗಾತು, ತೆಗಿ ಅದನ್ನ’ ಎಂದು ನನ್ನ ಕೈಗೆ ಹೊಡೆದೆ. ಅಜ್ಜಾ, ಆ ಹೊಡೆತಕ್ಕೆ ನನಗೆ ಕುಣಿಯಬೇಕೆನಿಸಿತು. ಒಳಗಿನ ನರ ಸತ್ತಿದ್ದರೆ ಗುಂಗಿಹುಳ ಎಡಗಿವಿಗೆ ಹೋಗಬೇಕಿತ್ತು. ಕಿವಿಯ ಹಿಂದಿನ ಎಲುಬಿಗಿಟ್ಟಾಗಲೂ ನಿನಗೆ ಕೇಳಿಸಿತು, ಕಿವಿಯ ಮುಂದೆ ಹಿಡಿದಾಗ ಮಾತ್ರ ಇಲ್ಲ. ಅಂದರೆ ಮನೆಯೊಳಗೆ ಜನ ಎಚ್ಚರವಿದ್ದಾರೆ, ಬಾಗಿಲಿಗೇ ಏನೋ ಅಡ್ಡ ಬಿದ್ದಿದೆ. ನಮ್ಮ ತರನ್ನುಮ ಮೇಡಂಗೆ ಎಲ್ಲ ಹೇಳಿದೆ. ‘ಪರೀಕ್ಷೆ ಸರಿ ಮಾಡೀದಿ. ನರ ಚೊಲೊ ಇದ್ದಂಗ ಕಾಣಸ್ತದ. ಆದ್ರ ಕಡ್ಡಿ ಗಿಡ್ಡಿ ಹಾಕಾಕ ಹೋಗಬ್ಯಾಡ, ಡಾಕ್ಟರು ನೋಡ್ಲಿ’ ಎಂದರು. ಆದ್ದರಿಂದ ಭಾವೀ ದಾದಿಯಾದ ನಾನು ಈ ಮೂಲಕ ಆಜ್ಞಾಪಿಸುವುದೇನೆಂದರೆ, ನೀನು ಬೆಂಕಿಕಡ್ಡಿಯಿಂದ ಕಿವಿ ಕೆರೆಯುವುದನ್ನು, ಜಯವ್ವತ್ತಿ ಅದಕ್ಕೆ ಬಿಸಿ ಎಣ್ಣೆ ಬಿಡುವುದನ್ನು ತಕ್ಷಣ ನಿಲ್ಲಿಸತಕ್ಕದ್ದು. ಸೋಮವಾರ ನಮಗೆ ರಜೆ. ರಾಣೇಬೆನ್ನೂರಿನ ಕಿವಿ ಡಾಕ್ಟರು ಹತ್ತು ಗಂಟೆಗೆ ಬರಲು ಹೇಳಿದ್ದಾರೆ. ಒಂಬತ್ತೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಬಾರದಿದ್ದರೆ ಅದೇ ಕಡ್ಡಿ ಹಿಡಿದು ಐರಣಿಗೇ ಬರುತ್ತೇನೆ.

ಜಯವ್ವತ್ತಿಗೆ, ಮಾವನಿಗೆ ನನ್ನ ನಮಸ್ಕಾರ ತಿಳಿಸು. ಅಜ್ಜಿ ನೀನು ತಲೆಗೆ ಸುತ್ತುವ ಬಿಳಿ ಪಟಗಾವನ್ನು ಎರಡು ಸಲ ಒಗೆದಿದ್ದಾಳೆ, ಒಮ್ಮೆಯೂ ಮಾಸಿರಲಿಲ್ಲ. ನನ್ನನ್ನು ಮನಸಾರೆ ಹರಸು. ಕೆಳಗಿನದನ್ನು ಓದುವ ಮೊದಲೇ ಹರಸಿಬಿಡು.

ನಿನ್ನ ಮೊಮ್ಮಗಳು,
ಗಂಗಾ

ತಾ.ಕ.: ಇಂದ್ರಿಯಗಳ ಪಾಠದಲ್ಲಿ ‘ಕಿವಿಯಲ್ಲಿ ಸಿಕ್ಕಿಬೀಳುವ ವಸ್ತುಗಳು’ ಎಂದು ಬರೆಸುತ್ತಿದ್ದರು. ಕಾಳು, ಹುಳ, ಅರಳೆ. ಅರಳೆ ಎನ್ನುವಾಗ ನನ್ನ ಪೆನ್ನು ನಿಂತಿತು. ಫೆಬ್ರುವರಿಯಲ್ಲಿ ಕಾವ್ಯಕ್ಕನ ಮದುವೆಯ ಊಟವಾದ ಮೇಲೆ ನೀನು ಹಂದರದಲ್ಲಿ ಗೊರಕೆ ಹೊಡೆಯುತ್ತಿದ್ದೆ. ಗುಲಾಬಿ ಅತ್ತರಿನ ಅರಳೆಯನ್ನು ಎಲ್ಲರಿಗೂ ಕಿವಿಯ ಮಡಿಕೆಗೆ ಸಿಕ್ಕಿಸಿದವಳು ನಿನಗೆ ಮಾತ್ರ ಬಲಗಿವಿಯ ಒಳಗೇ ತುರುಕಿದೆ, ಬೆರಳಿನಿಂದ ಒತ್ತಿ. ಎರಡು ದಿನ ನೀನು ‘ಯಾರಲೇ ಅತ್ತರ ಸುರಕೊಂಡಾವ’ ಎಂದು ಪರಮೇಶಪ್ಪನನ್ನು ಬೈಯುತ್ತ ತಿರುಗಿದೆ. ನಾನು ಹೊಟ್ಟೆ ಹಿಡಿದು ನಕ್ಕೆ, ಅರಳೆ ಬಿದ್ದುಹೋಗಿರಬೇಕೆಂದು ಮರೆತೆ. ನಿನಗೆ ಮಂದವಾಗತೊಡಗಿದ್ದು ಮದುವೆಯ ಮರುದಿನದಿಂದ ಎಂದು ಅಜ್ಜಿ ಹೇಳುತ್ತಾಳೆ. ಬರೀ ಕಿವಿಯ ಕೊಳೆ, ಗುಗ್ಗಿಯೇ ಇದ್ದರೂ ಇರಬಹುದು. ಆದರೆ ಡಾಕ್ಟರು ಹೊರಗೆ ತೆಗೆದದ್ದು ಗುಲಾಬಿ ವಾಸನೆ ಹೊಡೆದರೆ ಅದು ನನ್ನದು. ಗುರುವಾರ ಮಾರುಕಟ್ಟೆಯಲ್ಲಿ ಪರಮೇಶಪ್ಪನಿಗೂ ಆ ನಕ್ಕವರಿಗೂ ನಾನೇ ನಿಂತು ಹೇಳುತ್ತೇನೆ. ಸೋಮವಾರ ಪರ್ಸಿನಲ್ಲಿ ಒಂದು ಒಣಗಿದ ಕಾಯಿ ತರುತ್ತೇನೆ. ಮೊದಲು ಅದನ್ನು ಕೇಳು, ಆಮೇಲೆ ನನ್ನನ್ನು ಬೈ. ಕಿವಿ ಹಿಂಡುವುದಿದ್ದರೆ ನನ್ನವು ಎರಡೂ ಸ್ವಚ್ಛವಾಗಿವೆ, ನಾನು ನಿನ್ನ ಬಲಗಡೆಗೇ ನಿಂತಿರುತ್ತೇನೆ.