ದ್ಯಾಮವ್ವನಿಗೆ ಹುಚ್ಚಿಲ್ಲ

ಕಾಗಿಣಾ ನದಿಯ ದಡ
ಎರಡು ಸಾವಿರದ ನೂರ ಎಂಬತ್ತಮೂರನೇ ಇಸವಿ, ದಂಡೆಯುದ್ಧದ ಆರನೇ ವರ್ಷ, ಶ್ರಾವಣ

ನನಗಿಂತ ನೂರೈವತ್ತು ವರ್ಷ ಹಿಂದೆ ಬದುಕಿರುವ ಹಿರಿಯರಿಗೆ ಅಂಬವ್ವ ಕಲ್ಲೂರ ಬರೆಯುವ ಕಾಗದ.

ಇದು ನಿಮ್ಮ ಕೈಗೆ ತಲುಪುವ ದಾರಿ ಇದೆಯೋ ಇಲ್ಲವೋ ನನಗೆ ತಿಳಿಯದು. ತಲುಪಿದರೆ, ಇದರಲ್ಲಿನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಕೇಳುತ್ತೇನೆ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಸಿಟ್ಟನ್ನು ಕಾಯಿಲೆ ಎಂದು ಬರೆದುಕೊಡು ಎಂದವರ ಸಂಗತಿಯನ್ನು ಹೇಳಲೆಂದೇ ಕುಳಿತಿದ್ದೇನೆ.

ನಮ್ಮ ಕಾಲದಲ್ಲಿ ನದಿಯ ನೀರಿಗಾಗಿ ಎರಡು ಪಡೆಗಳು ಹೊಡೆದಾಡುತ್ತಿವೆ. ಮೇಲಿನವರನ್ನು ಮೇಲ್ದಂಡೆ ಎನ್ನುತ್ತಾರೆ, ಕೆಳಗಿನವರನ್ನು ಕೆಳದಂಡೆ. ಈ ಹೆಸರುಗಳು ನಿಮ್ಮ ನಕ್ಷೆಯಲ್ಲಿ ಇರಲಾರವು. ಗಾಯಗೊಂಡು ಬಂದವರಿಗೆ ಇವರಿಬ್ಬರಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ನಡುವೆ ಸಿಕ್ಕ ಊರಿನ ಜನರಿಗಾಗಿ ನಾವು ಒಂದು ಆಸ್ಪತ್ರೆ ನಡೆಸುತ್ತಿದ್ದೆವು. ಅದು ಹಾಸುಗಲ್ಲು ತೆಗೆದು ಬಿಟ್ಟ ಹಳೆಯ ಖಣಿ. ಪದರ ಪದರವಾದ ಬೂದುಬಣ್ಣದ ಕಲ್ಲಿನ ಗೋಡೆಗಳ ನಡುವೆ, ಮೂವತ್ತು ಅಡಿ ಆಳದಲ್ಲಿ, ತಾಡಪತ್ರಿಯ ಕೆಳಗೆ ನಲವತ್ತು ಹಾಸಿಗೆ. ಎರಡು ಅಗಲ ಬಂಡೆಗಳನ್ನು ಉಜ್ಜಿ ತೊಳೆದು ಆಪರೇಷನ್ ಮೇಜು ಮಾಡಿಕೊಂಡಿದ್ದೆವು. ಕಲ್ಲು ಒಡೆಯುವವರು ಬಿಟ್ಟುಹೋದ ಹಾರೆಗಳನ್ನು ಬಿರುಕಿಗೆ ಸಿಕ್ಕಿಸಿ ಅವಕ್ಕೇ ಸಲೈನ್ ಬಾಟಲಿ ತೂಗುಹಾಕುತ್ತಿದ್ದೆವು. ಬೇಸಿಗೆಯಲ್ಲಿ ಕಲ್ಲು ಕಾದು ಮಧ್ಯಾಹ್ನ ಉಸಿರಾಡುವುದೇ ಕಷ್ಟವಾದಾಗ ಗೋಣಿಚೀಲ ನೆನೆಸಿ ಸುತ್ತ ಕಟ್ಟುತ್ತಿದ್ದೆವು.

ಅಲ್ಲಿ ಗಾಯ ನೋಡುತ್ತಿದ್ದವರು ಡಾಕ್ಟರ್ ಖುತೇಜಾ. ವಯಸ್ಸು ಐವತ್ತೆಂಟು. ಎಡಗಣ್ಣಿಗೆ ಪೊರೆ ಬಂದಿದ್ದರೂ ಹೊಲಿಗೆ ಹಾಕುವಾಗ ಅವರ ಕೈ ನಡುಗುತ್ತಿರಲಿಲ್ಲ. ನಾನು ಕಿವಿಯಾಳು. ಹೆದರಿಕೆಯಿಂದ ಮಾತು, ನಿದ್ದೆ, ಊಟ ಬಿಟ್ಟವರ ಬಳಿ ಕೂತು ಅವರ ಮಾತು ಕೇಳುವವರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. "ಏನಾಯಿತು" ಎಂದು ನಾನು ಮೊದಲೇ ಯಾರನ್ನೂ ಕೇಳುತ್ತಿರಲಿಲ್ಲ. "ಮನ್ಯಾಗ ಕಡೀ ಸಲ ಏನ್ ಅಡಿಗಿ ಮಾಡಿದ್ರಿ?" ಎಂದು ಕೇಳುತ್ತಿದ್ದೆ. ಜನ ಅಡುಗೆಯಿಂದ ಶುರುಮಾಡಿ ತಾವಾಗಿಯೇ ಒಲೆಯ ಪಕ್ಕ ಯಾರಿದ್ದರು ಎನ್ನುವಲ್ಲಿಗೆ ಬರುತ್ತಿದ್ದರು, ಅಲ್ಲಿಂದ ಅಳುವಿಗೆ. ಅತ್ತ ಮೇಲೆ ಹಲವರು ಮಲಗುತ್ತಿದ್ದರು. ನನ್ನ ವಿದ್ಯೆ ಇಷ್ಟೇ.

ದ್ಯಾಮವ್ವ ಕಳೆದ ಮಾಘದಲ್ಲಿ ಬಂದಳು. ರೊಟ್ಟಿ ಬಡಿದು ಮಾರಿ ಬದುಕಿದವಳು. ಹನ್ನೊಂದು ವರ್ಷದ ಮಗಳು ಸಾಬವ್ವನನ್ನು ಹೊತ್ತುಕೊಂಡು ಎರಡು ದಿನ ನಡೆದಿದ್ದಳು. ಹುಡುಗಿಯ ಬಲಗಾಲು ಮೊಣಕಾಲಿನವರೆಗೆ ಸುಟ್ಟಿತ್ತು. ಮಗಳನ್ನು ಬಂಡೆಯ ಮೇಲೆ ಮಲಗಿಸಿದ ಗಳಿಗೆಯಿಂದ ತಾಯಿಯ ಬಾಯಿ ಕಟ್ಟಿಹೋಯಿತು. ನಾನು ಕೇಳಿದ ಅಡುಗೆಯ ಪ್ರಶ್ನೆಗೆ ಉತ್ತರ ಬರಲಿಲ್ಲ. ಹತ್ತೊಂಬತ್ತು ದಿನ ಅವಳು ರೇಡಿಯೋ ಪೆಟ್ಟಿಗೆಯ ಪಕ್ಕದ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು. ನಾನೂ ದಿನಕ್ಕೊಂದು ತಾಸು ಅವಳ ಜೊತೆ ಸುಮ್ಮನೆ ಕೂತೆ. ಇಪ್ಪತ್ತನೆಯ ದಿನ ಬೆಳಿಗ್ಗೆ, ಗಂಜಿಯ ಬಟ್ಟಲು ಕೊಟ್ಟಾಗ, ನನ್ನ ಮುಖ ನೋಡದೆ ಹೇಳಿದಳು: "ಪುಂಡಿಪಲ್ಯ."

"ಏನಂದಿ, ದ್ಯಾಮವ್ವ?"

"ಕಡೀ ಸಲ ಪುಂಡಿಪಲ್ಯ ಮಾಡಿದ್ದೆ. ಉಪ್ಪು ಜಾಸ್ತಿ ಆಗಿತ್ತು. ಸಾಬವ್ವ ಸಿಟ್ಟಾಗಿ ಎದ್ದು ಹೊರಗ ಹ್ವಾದಳು. ಆಗ ಬಾಂಬು ಬಿತ್ತು."

ಅಂದು ಅವಳು ಸಂಜೆಯವರೆಗೆ ಅತ್ತಳು. ಮರುದಿನದಿಂದ ಆಸ್ಪತ್ರೆಯ ಒಲೆ ಅವಳ ಕೈಗೆ ಬಂತು. ಸಾಬವ್ವ ಗೋಡೆ ಹಿಡಿದು ನಡೆಯತೊಡಗಿದಾಗ ನಲವತ್ತು ಹಾಸಿಗೆಯ ಜನವೂ ಅವಳ ಹೆಜ್ಜೆ ಎಣಿಸುತ್ತಿದ್ದರು.

ಈಗ ತಾಣಪತ್ರದ ವಿಷಯ ಹೇಳಬೇಕು. ಆಸ್ಪತ್ರೆ ಎಲ್ಲಿದೆ ಎಂದು ಎರಡೂ ಪಡೆಗಳಿಗೆ ಮೊದಲೇ ತಿಳಿಸಿದರೆ ಅಲ್ಲಿಗೆ ಬಾಂಬು ಹಾಕಬಾರದು ಎಂಬ ನಿಯಮ ನಿಮ್ಮ ಕಾಲದಿಂದಲೇ ನಮಗೆ ಬಂದದ್ದು. ಡಾಕ್ಟರ್ ಖುತೇಜಾ ಪ್ರತಿ ಸೋಮವಾರ ಬೆಳಿಗ್ಗೆ ರೇಡಿಯೋದಲ್ಲಿ ನಮ್ಮ ಜಾಗ ಹೇಳುತ್ತಿದ್ದರು; ತಾಣಪತ್ರ ಎಂದರೆ ಇದೇ. ನನಗೆ ಅದು ಒಪ್ಪಿಗೆಯಿರಲಿಲ್ಲ.

"ಡಾಕ್ಟರಮ್ಮ, ಇದು ನಾವೇ ಗುರಿ ತೋರಿಸಿಕೊಟ್ಟಂಗ ಆಗ್ತದ್ರಿ," ಎಂದಿದ್ದೆ.

"ಹೇಳಲಿಲ್ಲಂದ್ರ ನಾಳೆ ನಮಗ ಗೊತ್ತಿರಲಿಲ್ಲ ಅಂತಾರವ್ವ," ಎಂದರು ಅವರು. "ಆ ಮಾತು ಅವರ ಬಾಯಾಗ ಉಳೀಬಾರದು. ಅದಕ್ಕ ಹೇಳ್ತೀನಿ."

ಯುಗಾದಿಯ ಮರುವಾರ, ಬುಧವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ನಾನೂ ದ್ಯಾಮವ್ವನೂ ನೀರು ತರಲು ಮೇಲೆ ಹೋಗಿದ್ದೆವು. ಬಿಸಿಲು ಚೆನ್ನಾಗಿತ್ತು. ಖಣಿಯ ಅಂಚಿನಲ್ಲಿ ಎತ್ತರಕ್ಕೆ ಕಟ್ಟಿದ ಆಸ್ಪತ್ರೆಯ ಗುರುತು ನಮಗೆ ಎರಡು ಹೊಲದಾಚೆಯಿಂದಲೂ ಕಾಣುತ್ತಿತ್ತು. ಎರಡು ಬಾಂಬುಗಳು ಸರಿಯಾಗಿ ಖಣಿಯ ಬಾಯಿಯೊಳಗೇ ಬಿದ್ದವು. ಒಂದೂ ಅತ್ತಿತ್ತ ಹೋಗಲಿಲ್ಲ. ನಾವು ಕೊಡ ಎಸೆದು ಓಡಿದೆವು. ಆ ದಿನವೂ ಮರುದಿನವೂ ಕಲ್ಲು ಎತ್ತಿದೆವು. ಮೂವತ್ತನಾಲ್ಕು ಜನ ಸತ್ತಿದ್ದರು. ಡಾಕ್ಟರ್ ಖುತೇಜಾ ಸಿಕ್ಕಿದ್ದು ಸಾಬವ್ವನ ಮೇಲೆ ಕವುಚಿ ಬಿದ್ದ ಹಾಗೆ. ಇಬ್ಬರಿಗೂ ಜೀವ ಇರಲಿಲ್ಲ. ದ್ಯಾಮವ್ವ ಈ ಸಲ ಮೂಕಳಾಗಲಿಲ್ಲ. ಕಲ್ಲು ಎತ್ತುತ್ತಲೇ ಬೈದಳು. ಹಾಕಿದವನನ್ನು, ಹಾಕಿಸಿದವನನ್ನು, ಸುಮ್ಮನಿದ್ದವರನ್ನು, ಹೆಸರು ಗೊತ್ತಿಲ್ಲದ ಎಲ್ಲರನ್ನೂ.

ಮೊದಲು ಎರಡು ಪಡೆಗಳೂ ನಾವಲ್ಲ ಎಂದವು. ಬಾಂಬಿನ ಚೂರುಗಳ ಮೇಲಿನ ಅಚ್ಚು ಸಿಕ್ಕಮೇಲೆ ಮೇಲ್ದಂಡೆಯವರು ಒಪ್ಪಿಕೊಂಡು, ನಕ್ಷೆಯ ದೋಷ ಎಂದರು. ತಾಣಪತ್ರ ನಮಗೆ ಬಂದೇ ಇರಲಿಲ್ಲ ಎಂದರು. ನಮ್ಮ ದಾಖಲೆ ಪುಸ್ತಕ ಸುಟ್ಟುಹೋಗಿತ್ತು. ರೇಡಿಯೋ ಪುಡಿಯಾಗಿತ್ತು. ನನಗೆ ಡಾಕ್ಟರ್ ಹೇಳಿದ್ದು ಗೊತ್ತಿತ್ತು, ಆದರೆ ಸೋಮವಾರ ಬೆಳಿಗ್ಗೆ ನಾನು ರೋಗಿಗಳ ಬಳಿ ಇರುತ್ತಿದ್ದೆ. ಆ ಕಡೆಯಿಂದ ಬಂದ ಉತ್ತರ ನಾನು ಕೇಳಿರಲಿಲ್ಲ. ಕೇಳಿದ್ದವಳು ಒಬ್ಬಳೇ. ಬಾಯಿ ಬಿಡದೆ ಹತ್ತೊಂಬತ್ತು ದಿನ ಆ ಪೆಟ್ಟಿಗೆಯ ಪಕ್ಕ ಕೂತಿದ್ದವಳು.

ಈ ಬಾಂಬಿನ ಬಗ್ಗೆ ನಡೆಯಲಿದ್ದ ವಿಚಾರಣೆಯಲ್ಲಿ ಅವಳು ಸಾಕ್ಷಿ ಹೇಳುತ್ತೇನೆ ಎಂದ ಮೂರನೇ ದಿನ ಕ್ಷೇಮಾಧಿಕಾರಿ ಬಂದರು. ಯುದ್ಧದಲ್ಲಿ ನೊಂದವರಿಗೆ ಸಮಾಧಾನ ಹೇಳಲು ಮೇಲ್ದಂಡೆಯವರೇ ನೇಮಿಸಿದ ಮನುಷ್ಯ. ಹೌದು, ಬಾಂಬು ಹಾಕುವವರೇ ಸಮಾಧಾನದವರನ್ನೂ ಕಳಿಸುತ್ತಾರೆ. ಇದೂ ನಮ್ಮ ಕಾಲದ ಏರ್ಪಾಡು. ಮೆತ್ತಗೆ ಮಾತಾಡುವವರು, ಹೊಟ್ಟೆ ತುಂಬಿದವರು. ನನ್ನ ಮುಂದೆ ದ್ಯಾಮವ್ವನ ಹೆಸರಿನ ಒಂದು ನಮೂನೆ ಇಟ್ಟರು. ಅದರಲ್ಲಿ ಕೋಪಕ್ಕೂ ಒಂದು ಕಲಂ: ಕಡಿಮೆ, ಮಧ್ಯಮ, ತೀವ್ರ. ತೀವ್ರ ಎಂದು ಬರೆದರೆ ರೋಗಿ ಎಂದರ್ಥ. ರೋಗಿಯ ಸಾಕ್ಷಿ ನಡೆಯುವುದಿಲ್ಲ.

"ಆ ಹೆಣ್ಮಗಳ ಒಳ್ಳೇದಕ್ಕ ಹೇಳ್ತೀನಿ ನೋಡ್ರಿ," ಎಂದರು. "ಎಲ್ಲಾರ ಮುಂದ ನಿಂತು ಮತ್ತ ಅದನ್ನೇ ನೆನಸಬೇಕಾಗ್ತದ. ಗಾಯ ಕೆದರಿದಂಗ. ತೀವ್ರ ಅಂತ ಒಂದು ಮಾತು ಬರೀರಿ, ಗುಳಿಗಿ ಕೊಡ್ತೀವಿ, ಆರಾಮ ಮಲಗ್ತಾಳ."

"ಆಕಿ ಮಗಳು ಸತ್ತಾಳ್ರಿ. ಸಿಟ್ಟು ಬರದಿದ್ರ ನಾ ಅದನ್ನ ಜಡ್ಡು ಅಂತ ಬರೀತಿದ್ದೆ."

"ನಿಮ್ಮ ಬಿಲ್ಲೆ ಯಾರ ಕೈಯಾಗ ಅದ ಅಂತ ನೆನಪಿಟ್ಕೊಂಡು ಮಾತಾಡ್ರಿ, ಅಕ್ಕಾರ."

ಬಿಲ್ಲೆ ಎಂದರೆ ಗಡಿಗಳಲ್ಲಿ ಕಿವಿಯಾಳುಗಳನ್ನು ತಡೆಯದೆ ಬಿಡುವ ಗುರುತು. ಅದಿಲ್ಲದಿದ್ದರೆ ಗಡಿ ದಾಟುವಂತಿಲ್ಲ, ಔಷಧಿ ತರುವಂತಿಲ್ಲ. ನಾನು ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊರಗೆ ದ್ಯಾಮವ್ವ ಬದುಕುಳಿದವರಿಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಒಳಗೆ ಕೇಳುತ್ತಿತ್ತು. ನಾನು ಕೋಪದ ಕಲಮಿನಲ್ಲಿ ತೀವ್ರ ಎಂದೇ ಬರೆದೆ. ಅದು ನಿಜವೇ ಆಗಿತ್ತು. ಅದರ ಕೆಳಗೆ, ಇದಕ್ಕೆ ಕಾರಣವಿದೆ, ಈಕೆ ಸಂಪೂರ್ಣ ಆರೋಗ್ಯವಂತೆ, ಎಂದು ಬರೆದು ಸಹಿ ಹಾಕಿದೆ. ಇನ್ನೊಂದು ಪ್ರತಿಯನ್ನು ನಾನೇ ಕೈಯಿಂದ ಬರೆದು ವಿಚಾರಣೆಯವರಿಗೆ ತಲುಪಿಸಿದೆ.

ವಿಚಾರಣೆ ನಡೆದದ್ದು ಒಂದು ಹತ್ತಿ ಗೋದಾಮಿನಲ್ಲಿ, ಎರಡೂ ಪಡೆಗಳು ಒಪ್ಪಿದ ಮೂವರು ಹಿರಿಯರ ಮುಂದೆ. ಸಾಕ್ಷಿಗೆ ಬುದ್ಧಿ ಸ್ತಿಮಿತದಲ್ಲಿಲ್ಲ ಎಂದು ಕ್ಷೇಮಾಧಿಕಾರಿ ಎದ್ದು ಹೇಳಿದರು. ಹಿರಿಯರಲ್ಲಿ ಒಬ್ಬರು ನನ್ನ ಕಾಗದವನ್ನು ಗಟ್ಟಿಯಾಗಿ ಓದಿದರು. ದ್ಯಾಮವ್ವ ಕರೆಯುವ ಮೊದಲೇ ಎದ್ದು ನಿಂತಿದ್ದಳು.

"ನನಗ ಹುಚ್ಚಿಲ್ರಿ. ನನ್ನ ಮಗಳು ಸತ್ತಾಳ. ಮೂರು ಸೋಮವಾರ ನಾ ಆ ಪೆಟ್ಟಿಗಿ ಬಾಜೂಕ ಕುಂತಿದ್ದೆ. ಡಾಕ್ಟರಮ್ಮ ಜಾಗಾ ಹೇಳ್ತಿದ್ದಳು. ಮೇಲ್ದಂಡಿ ಕಡಿಂದ ಒಬ್ಬಾಂವ, ಮೂಗಿನ್ಯಾಗ ಮಾತಾಡಾಂವ, 'ಖಣಿ ದವಾಖಾನಿ, ಕೇಳಸ್ತು, ಬರ್ಕೊಂಡೆ' ಅಂತಿದ್ದ. ಮೂರನೇ ಸೋಮವಾರ 'ಎಷ್ಟು ಮಂದಿ ಅದಾರ ಒಳಗ' ಅಂತನೂ ಕೇಳಿದ. ಡಾಕ್ಟರಮ್ಮ ಸತ್ಯ ಹೇಳಿದಳು. ಕೇಳ್ಕೊಂಡೂ ಹಾಕೀರಿ. ಆ ಮೂಗಿನ್ಯಾಗ ಮಾತಾಡಾಂವನ ಹೆಸರು ಹೇಳ್ರಿ ನನಗ."

ಗೋದಾಮಿನ ಬಾಗಿಲಲ್ಲಿ ಎರಡೂ ಪಡೆಗಳ ಸಿಪಾಯಿಗಳು ನಿಂತಿದ್ದರು. ಮೇಲ್ದಂಡೆಯ ರೇಡಿಯೋ ಕೋಣೆಯಲ್ಲಿ ಅಂಥ ದನಿಯವನು ಒಬ್ಬನಿದ್ದ ಎಂಬುದು ಅವರದೇ ಸಿಪಾಯಿಗಳ ಮುಖದಲ್ಲಿ ಕಾಣುತ್ತಿತ್ತು. ಒಬ್ಬ ನೆಲ ನೋಡಿದ. ಹಿರಿಯರು ಅದನ್ನೂ ಬರೆದುಕೊಂಡರು.

ತೀರ್ಪು ಬಂದಾಗ ಅದರಲ್ಲಿ ನಕ್ಷೆಯ ದೋಷ ಎಂಬ ಮಾತು ಇರಲಿಲ್ಲ. ತಿಳಿದೂ ಮಾಡಿದ ಕೃತ್ಯ ಎಂದು ಬರೆದಿತ್ತು. ಅಷ್ಟೇ. ಯಾರಿಗೂ ಶಿಕ್ಷೆಯಾಗಲಿಲ್ಲ. ಹೆಸರು ಹೊರಬರಲಿಲ್ಲ. ಮರುವಾರ ನನ್ನ ಬಿಲ್ಲೆ ಕಿತ್ತುಕೊಂಡರು. ಈಗ ನಾವು ಇನ್ನೊಂದು ಖಣಿಯಲ್ಲಿದ್ದೇವೆ, ಬಿಲ್ಲೆಯಿಲ್ಲದೆ, ಕದ್ದು ತಂದ ಔಷಧಿಯಲ್ಲಿ. ದ್ಯಾಮವ್ವ ಗಾಯ ತೊಳೆಯುವುದು ಕಲಿತಿದ್ದಾಳೆ. ಅವಳ ಸಿಟ್ಟು ಇಳಿದಿಲ್ಲ. ಇಳಿಸಲು ನಾನು ಪ್ರಯತ್ನಿಸುವುದೂ ಇಲ್ಲ.

ಹಿರಿಯರೇ, ನಿಮ್ಮ ಕಾಲದ ಸುದ್ದಿಗಳು ನಮ್ಮಲ್ಲಿ ಇನ್ನೂ ಉಳಿದಿವೆ. ಬಿಡುವಾದಾಗ ಓದುತ್ತೇನೆ. ಮೊದಲ ಸಲ ಆಸ್ಪತ್ರೆಯ ಮೇಲೆ ಬಾಂಬು ಬಿದ್ದಾಗ ಅದು ಮುಖಪುಟದಲ್ಲಿತ್ತು. ಆಮೇಲೆ ಒಳಪುಟಕ್ಕೆ ಹೋಯಿತು. ಆಮೇಲೆ ಒಂದು ಸಾಲಾಯಿತು, ಆ ಸಾಲಿನ ಕೊನೆಗೆ ಯಾರೋ ತೀವ್ರ ಕಳವಳ ವ್ಯಕ್ತಪಡಿಸಿರುತ್ತಿದ್ದರು. ನಿಮ್ಮ ಕಳವಳ ತೀವ್ರ, ನಮ್ಮ ಕೋಪ ತೀವ್ರ. ಗುಳಿಗೆ ಮಾತ್ರ ನಮಗೆ. ಆಸ್ಪತ್ರೆಗೆ ಬಾಂಬು ಹಾಕಬಾರದೆಂಬ ಆ ನಿಯಮ ನಿಮ್ಮ ಕೈಯಲ್ಲಿ ಜೀವಂತವಾಗಿತ್ತು. ಅದು ನಮ್ಮ ಕೈಗೆ ಬಂದಾಗ ಹೆಣವಾಗಿತ್ತು. ಡಾಕ್ಟರ್ ಖುತೇಜಾ ಅದಕ್ಕೆ ಉಸಿರಿದೆ ಎಂದು ನಂಬಿ ಸೋಮವಾರ ಸೋಮವಾರ ಅದರ ಜೊತೆ ಮಾತಾಡಿದರು.

ನನಗಾಗಿ ಅಳಬೇಡಿ, ನಮಗೇನೂ ಕಳಿಸಬೇಡಿ. ಮೊದಲನೆಯ ಆಸ್ಪತ್ರೆಯನ್ನು ನೀವು ಹೋಗಲಿ ಎಂದು ಬಿಟ್ಟಿರಿ. ಎರಡನೆಯದನ್ನೂ ಬಿಟ್ಟಿರಿ. ನೀವು ಈ ಕಾಗದ ಓದುತ್ತಿರುವ ದಿನ ಬಿದ್ದದ್ದು ಎಷ್ಟನೆಯದೋ ನನಗೆ ಗೊತ್ತಿಲ್ಲ.

ಅದನ್ನು ಬಿಡಬೇಡಿ.

ಅಂಬವ್ವ ಕಲ್ಲೂರ
ಬಿಲ್ಲೆಯಿಲ್ಲದ ಕಿವಿಯಾಳು