ಇಸ್ತ್ರಿ ಬಟ್ಟೆಯ ಬಿಸಿ

ಅಮ್ಮಾ,

ಫೋನಿನಲ್ಲಿ ಕೇಳಿದರೆ "ಹೆಂಗಸರಿಗೆ ಇದೆಲ್ಲ ಇದ್ದಿದ್ದೇ ಬಿಡೇ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೊಟ್ಟೆನೋವಿಗೆ ಎಂಡೊಮೆಟ್ರಿಯೋಸಿಸ್ ಅಂತ ಹೆಸರಿದೆಯಂತೆ. ಗರ್ಭಕೋಶದ ಒಳಗಿನ ಲೈನಿಂಗಿನಂಥದ್ದೇ ಪದರ ಹೊರಗೂ ಬೆಳೆದು, ಮುಟ್ಟಿನ ದಿನಗಳಲ್ಲಿ ಪ್ರಾಣ ಹಿಂಡುತ್ತದಂತೆ. ದರ್ಜಿಯ ಮಗಳಿಗೆ ಲೈನಿಂಗ್ ವಿಷಯ ಬಿಡಿಸಿ ಹೇಳಬೇಕೇ?

ನನ್ನ ಹೊಟ್ಟೆಯ ಮೇಲಿನ ಕಂದು ಕಲೆಗಳನ್ನು ನೋಡಿ ಡಾಕ್ಟರಮ್ಮ, "ಇದೇನಮ್ಮ?" ಅಂದರು. ಇಸ್ತ್ರಿ ಮಾಡಿದ ಬಟ್ಟೆಯನ್ನು ಬಿಸಿಯಿರುವಾಗಲೇ ಹೊಟ್ಟೆಗೆ ಒತ್ತಿ ಹಿಡಿದರೆ ಮಡಿಕೆ ಚೆನ್ನಾಗಿ ಕೂರುತ್ತದೆ, ಅಮ್ಮ ಕಲಿಸಿದ ಕಸುಬು ಅಂದೆ.

"ನಿಮ್ಮಮ್ಮಂಗೂ ನೋವಿತ್ತಾ?" ಅಂದರು.

ಇತ್ತೇ ಅಮ್ಮಾ? ಆ ಬಿಸಿ ಬೇಕಾಗಿದ್ದದ್ದು ಮಡಿಕೆಗೋ, ನಿನಗೋ? ಅಜ್ಜಿಯೂ ಹಾಗೇ ಹಿಡಿಯುತ್ತಿದ್ದಳೇ? ಒಂದೇ ಮನೆಯ ಹೆಂಗಸರಲ್ಲಿ ಇದು ಕಾಣಿಸಿಕೊಳ್ಳುವುದುಂಟಂತೆ.

ಮೊನ್ನೆ ತಂಗಿಯನ್ನು ಹೊಗಳಿದೆಯಲ್ಲ, "ಅಂಗಡೀಲಿ ಕೂತು ತಿಂಗಳಾಗಿಲ್ಲ, ಬಟ್ಟೇನ ಹೊಟ್ಟೆಗೆ ಹಿಡಿಯೋದು ತಾನೇ ಕಲಿತ್ಲು ನೋಡು" ಅಂತ?

ಶುಕ್ರವಾರದ ಬಸ್ಸಿಗೆ ಅವಳನ್ನು ಕರೆದುಕೊಂಡು ಬಾ. ಡಾಕ್ಟರಮ್ಮ ಅವಳ ಹೊಟ್ಟೆ ನೋಡಲಿ. ಆಮೇಲೆ ನಿನ್ನದನ್ನು ನನಗೆ ತೋರಿಸು.

ನಿನ್ನ ದೊಡ್ಡ ಮಗಳು